ತೊರೆಗುಪ್ಪೆಯ ಸೊಟ್ಟಗೋಡೆ

ಶಿಂಷಾ ಹೊಳೆಯ ಎಡದಂಡೆಯಲ್ಲಿ ತೊರೆಗುಪ್ಪೆ ಎಂಬ ಊರಿದೆ. ಊರ ಮುಂದಿನ ದಿಬ್ಬದ ಮೇಲೆ ದೇವಮಾತೆಯ ಹಳೆಯ ಕ್ರೈಸ್ತ ದೇವಾಲಯ. ಬಾಗಿಲ ಮೇಲಿನ ಕಲ್ಲಿನಲ್ಲಿ ಅದರ ಉದ್ದನೆಯ ಹೆಸರನ್ನು ಚೆಂದವಾಗಿ ಕೆತ್ತಿದ್ದಾರೆ. ಆದರೆ ಬಸ್ಸಿನಲ್ಲಿ ಆ ಹೆಸರು ಹೇಳಿ ಇಳಿಸಿ ಎಂದರೆ ಕಂಡಕ್ಟರ್ ಕಣ್ಣುಕಣ್ಣು ಬಿಡುತ್ತಾನೆ. ‘ಸೊಟ್ಟಗೋಡೆ’ ಎಂದರೆ ಸಾಕು, ದಿಬ್ಬದ ಬುಡದಲ್ಲೇ ಇಳಿಸಿ ಹೋಗುತ್ತಾನೆ. ದೇವಾಲಯದ ಸುತ್ತಲೂ ಎದೆಯೆತ್ತರದ ಕಲ್ಲುಗೋಡೆಯಿದೆ. ಮೂರು ದಿಕ್ಕಿಗೆ ಅದು ನೂಲು ಹಿಡಿದಂತೆ ನೆಟ್ಟಗಿದೆ. ಉತ್ತರ ದಿಕ್ಕಿಗೆ ಬಂದಾಗ ಮಾತ್ರ ಇದ್ದಕ್ಕಿದ್ದಂತೆ ಹೊಟ್ಟೆ ಬಿಟ್ಟು ಹೊರಗೆ ಬಾಗುತ್ತದೆ. ಅದರ ಮಗ್ಗುಲಲ್ಲೇ ಇನ್ನೊಂದು ಸಣ್ಣ ಸೊಟ್ಟು. ಮೊನ್ನೆ ಮೊನ್ನೆ ದೇವಾಲಯದ ದುರಸ್ತಿಗೆಂದು ಬಂದ ಎಂಜಿನಿಯರ್ ಒಬ್ಬರು ದಾರ ಕಟ್ಟಿ ನೋಡಿ, ಇದನ್ನೂ ನೇರ ಮಾಡಿಬಿಡೋಣ ಎಂದರಂತೆ. ಊರಿನವರು ಅವರಿಗೆ ಕಾಫಿ ಕೊಟ್ಟು, ಗೋಡೆಯ ನೆರಳಿನಲ್ಲಿ ಕೂರಿಸಿ, ಈ ಕತೆ ಹೇಳಿದರು. ಆ ಮನುಷ್ಯ ದಾರ ಸುತ್ತಿ ಜೇಬಿಗಿಟ್ಟುಕೊಂಡು ಚಾವಣಿಯ ಕೆಲಸ ನೋಡಲು ಹೋದರು ಎನ್ನುತ್ತಾರೆ.

ಹಿಂದೆ ಒಮ್ಮೆ, ಮುನ್ನೂರು ವರ್ಷಗಳಿಗೂ ಹಿಂದೆ, ಇಲ್ಲಿ ಗೋಡೆ ಇರಲಿಲ್ಲ. ಸುತ್ತಲೂ ಕಳ್ಳಿಬೇಲಿ ಇತ್ತು. ಒಳಗಿದ್ದ ಮಣ್ಣಿನ ಗುಡಿಯನ್ನು ತೆಗೆದು ಕಲ್ಲಿನದು ಕಟ್ಟಬೇಕು, ಮೇಲೆ ಇಟ್ಟಿಗೆ ಗಾರೆಯ ಕಮಾನು ಚಾವಣಿ ಕೂರಿಸಬೇಕು ಎಂದು ಊರಿನ ಕ್ರೈಸ್ತರು ಮನಸ್ಸು ಮಾಡಿದರು. ಕೆಲಸ ಹಿಡಿದವನು ಗಾರೆ ಚೌರಪ್ಪ. ಅವನ ಹೆಂಡತಿ ಜ್ಞಾನಮ್ಮನದು ಸುಣ್ಣದ ಕೆಲಸ. ಗಂಡ ಸುಟ್ಟು ತಂದ ಸುಣ್ಣದ ಕಲ್ಲನ್ನು ಹೊಂಡಕ್ಕೆ ಹಾಕಿ, ಅದು ಕೊತಕೊತ ಕುದಿದು ತಣಿದ ಮೇಲೆ ದಿನವೂ ನೀರು ನಿಲ್ಲಿಸಿ ಮಾಗಿಸುವುದು ಅವಳ ಪಾಲು. ಸುಣ್ಣ ಸರಿಯಾಗಿ ಮಾಗಿದೆಯೋ ಇಲ್ಲವೋ ಎಂಬುದನ್ನು ಚೌರಪ್ಪ ಕೂಡ ಅವಳನ್ನೇ ಕೇಳುತ್ತಿದ್ದ. ಅವಳು ಎರಡು ಬೆರಳಿನ ನಡುವೆ ಒಂದಿಷ್ಟು ಉಜ್ಜಿ ನೋಡಿ ‘ಊಂ’ ಎಂದರೆ ಮಾತ್ರ ಅದು ಗಾರೆ ಗಾಣಕ್ಕೆ ಹೋಗಿ, ಮರಳು, ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರಿನ ಜೊತೆ ಅರೆಯಲ್ಪಡುತ್ತಿತ್ತು. ಅವಳ ‘ಊಂ’ ಸುಲಭಕ್ಕೆ ಸಿಕ್ಕುವಂಥದ್ದಲ್ಲ.

ಶ್ರಾವಣದಲ್ಲಿ ಕಮಾನು ಮುಗಿಯಿತು. ಹಸಿ ಕಮಾನನ್ನು ಹೊತ್ತು ನಿಲ್ಲಲು ಅದರ ಅಡಿಗೆ ನಲವತ್ತು ಮರದ ಆನಿಕೆಗಳು. ಮಳೆಗಾಲದ ಗಾರೆ ಬೇಗ ಬಿಗಿಯುವುದಿಲ್ಲ, ದೀಪಾವಳಿ ಕಳೆಯುವ ತನಕ ಒಂದು ಆನಿಕೆಯನ್ನೂ ಅಲುಗಿಸಕೂಡದು ಎಂದು ಚೌರಪ್ಪ ಕಟ್ಟಪ್ಪಣೆ ಮಾಡಿದ. ಆದರೆ ದೇವಮಾತೆಯ ಹುಟ್ಟುಹಬ್ಬ ಬರುವುದು ಭಾದ್ರಪದದಲ್ಲಿ. ವರ್ಷಕ್ಕೊಮ್ಮೆ ಕುದುರೆಯೇರಿ ಬರುವ ಪರದೇಶದ ಪಾದ್ರಿ ಸ್ವಾಮಿಗಳು ಅಂದು ಹೊಸ ಗುಡಿಯಲ್ಲಿ ಮೊದಲ ಪೂಜೆ ಅರ್ಪಿಸುವವರಿದ್ದರು. ಗುಡಿಯ ಯಜಮಾನ ರಾಯಪ್ಪನಿಗೆ ಇದೊಂದು ದೊಡ್ಡ ತಲೆನೋವಾಯಿತು. ರಾಯಪ್ಪ ಕೆಟ್ಟ ಮನುಷ್ಯನಲ್ಲ. ಆದರೆ ಊರಿನ ಮರ್ಯಾದೆ ಎಂದರೆ ತನ್ನ ರುಮಾಲಿನ ತುದಿಯಲ್ಲೇ ಇದೆ ಎಂದು ನಂಬಿದವನು. ಅಕ್ಕಪಕ್ಕದ ಏಳೂರಿನ ಜನ ಬಂದು, ಊರುಗೋಲು ಹಿಡಿದು ನಿಂತ ಗುಡಿಯನ್ನು ನೋಡಿ ನಕ್ಕರೆ? ಸ್ವಾಮಿಗಳು ಮರದಿಂದ ಮರಕ್ಕೆ ನುಸುಳಿಕೊಂಡು ಪೀಠದ ಬಳಿಗೆ ಹೋಗುವುದೇ?

ಹಬ್ಬದ ಹಿಂದಿನ ದಿನ ಚೌರಪ್ಪ ಹೊಳೆಯ ಮೇಲ್ಭಾಗದ ಸುಣ್ಣದ ಗೂಡಿಗೆ ಹೋಗಿದ್ದಾಗ ರಾಯಪ್ಪ ಎಂಟು ಜನರನ್ನು ಕರೆದು ಆನಿಕೆಗಳನ್ನು ಕೀಳಿಸಿದ. ಜ್ಞಾನಮ್ಮ ಹೊಂಡದ ಬಳಿ ನಿಂತು ಅದನ್ನು ಕಣ್ಣಾರೆ ಕಂಡಳು. ಬೇಡವೆಂದು ಕೂಗಿಕೊಂಡಳು. ‘ಹೋಗವ್ವ, ನಿನ್ನ ಸುಣ್ಣ ನೋಡ್ಕೊ’ ಎಂದು ಅವರು ನಕ್ಕರು. ಮಧ್ಯಾಹ್ನ ಚೌರಪ್ಪ ಬರುವ ಹೊತ್ತಿಗೆ ಒಳಗೆ ಹನ್ನೊಂದು ಮಂದಿ ಹೆಂಗಸರು ನೆಲ ಗುಡಿಸಿ ಮಾವಿನ ತೋರಣ ಕಟ್ಟುತ್ತಿದ್ದರು. ಹೊರಗೆ ಒಟ್ಟಿದ್ದ ಮರಗಳನ್ನು ನೋಡಿದವನೇ ಅವನು ಒಳಗೆ ನುಗ್ಗಿ, ಹೆಂಗಸರನ್ನು ಬೈದು ಬೆದರಿಸಿ ಹೊರಗಟ್ಟಿದ. ಆಮೇಲೆ ಒಂದು ಮರವನ್ನು ಹೆಗಲಿಗೇರಿಸಿಕೊಂಡು ಮತ್ತೆ ಒಳಗೆ ಹೋದ. ಅದನ್ನು ಕಮಾನಿಗೆ ಕೊಡುವಷ್ಟರಲ್ಲಿ ಚಾವಣಿ ಅವನ ಮೇಲೆ ಕುಸಿಯಿತು.

ಮರುದಿನ ಬಂದ ಸ್ವಾಮಿಗಳಿಗೆ ಆಗಿನ್ನೂ ನಮ್ಮ ಭಾಷೆ ಅರ್ಧಂಬರ್ಧ. ಏನಾಯಿತೆಂದು ಅವರು ಕೇಳಿದಾಗ ರಾಯಪ್ಪನ ನಾಲಿಗೆಗೆ ನಿಜ ಬರಲಿಲ್ಲ. ಸುಣ್ಣ ಕೆಟ್ಟದ್ದು, ಚೌರಪ್ಪ ದೇವರ ಮನೆಗೇ ಮೋಸ ಮಾಡಿದ, ಆನಿಕೆ ತೆಗೆಸಿದ್ದೂ ಅವನೇ ಎಂದುಬಿಟ್ಟ. ಎಂಟು ಮಂದಿ ತಲೆಯಾಡಿಸಿದರು. ಬದುಕಿ ಬಂದ ಹೆಂಗಸರು ತುಟಿ ಬಿಚ್ಚಲಿಲ್ಲ, ಏಕೆಂದರೆ ಆ ಎಂಟು ಮಂದಿ ಅವರ ಗಂಡಂದಿರೋ ಅಣ್ಣತಮ್ಮಂದಿರೋ ಆಗಿದ್ದರು. ಜ್ಞಾನಮ್ಮ ಒಬ್ಬಳೇ ಇದ್ದದ್ದನ್ನು ಇದ್ದಂತೆ ಹೇಳಿದಳು. ಗಂಡ ಸತ್ತ ಸಂಕಟದಲ್ಲಿ ಏನೋ ಬಡಬಡಿಸುತ್ತಾಳೆ ಎಂದರು. ದೇವರಿಗೆ ವಂಚಿಸಿದವನಿಗೆ ಪವಿತ್ರ ಭೂಮಿಯಲ್ಲಿ ಜಾಗವಿಲ್ಲವೆಂದು ಚೌರಪ್ಪನನ್ನು ಕಳ್ಳಿಬೇಲಿಯ ಹೊರಗೆ, ಹತ್ತು ಮಾರು ದೂರದಲ್ಲಿ, ಶಿಲುಬೆಯೂ ಇಲ್ಲದೆ ಮಣ್ಣು ಮಾಡಿದರು. ಆ ಸಾವಿಗಿಂತಲೂ ಈ ಹತ್ತು ಮಾರು ಜ್ಞಾನಮ್ಮನ ಕರುಳನ್ನು ಹೆಚ್ಚು ಕೊರೆಯಿತು.

ಅವಳು ಅಲ್ಲಿಂದ ಮುಂದೆ ಯಾರ ಮನೆ ಬಾಗಿಲಿಗೂ ಹೋಗಿ ನ್ಯಾಯ ಕೇಳಲಿಲ್ಲ. ತನಗೆ ಗೊತ್ತಿದ್ದ ಕೆಲಸವನ್ನೇ ಮಾಡಿದಳು. ಹೊಂಡದಲ್ಲಿ ಅದೇ ಸುಣ್ಣ ಅರ್ಧಕ್ಕೂ ಹೆಚ್ಚು ಉಳಿದಿತ್ತು. ಅದು ಒಣಗದಂತೆ ದಿನಕ್ಕೆರಡು ಕೊಡ ನೀರು ಹಾಕಿ, ಮೇಲೆ ಹುಲ್ಲು ಹೊದಿಸಿ, ಮಗುವನ್ನು ನೋಡಿಕೊಂಡಂತೆ ನೋಡಿಕೊಂಡಳು. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಮರಳಿನಲ್ಲಿ ಒರತೆ ತೋಡಿ ಹೊತ್ತು ತಂದಳು. ಗುಡಿಗೆ ಗರಿಯ ಚಪ್ಪರ ಹೊದಿಸಿ ಜನ ಹೇಗೋ ಕಾಲ ನೂಕುತ್ತಿದ್ದರು. ಜ್ಞಾನಮ್ಮನಿಗೆ ತಲೆ ಕೆಟ್ಟಿದೆ, ಸುಣ್ಣಕ್ಕೆ ನೀರು ಹಾಕಿದರೆ ಚಿಗುರುತ್ತದೆಯೇ ಎಂದು ನಗುತ್ತಿದ್ದರು. ಹಾಗೆ ನಕ್ಕವರಲ್ಲಿ ಒಬ್ಬನಾದರೂ ಗಾರೆ ಕೆಲಸದವನಾಗಿದ್ದರೆ, ನೀರಿನಡಿ ಮಾಗಿದಷ್ಟೂ ಸುಣ್ಣ ಉತ್ತಮವಾಗುತ್ತದೆಂದು ಬಲ್ಲವನಾಗಿ, ನಗುತ್ತಿರಲಿಲ್ಲ. ಹೀಗೆ ಹನ್ನೆರಡು ವರ್ಷ ಕಳೆಯಿತು.

ಹದಿಮೂರನೆಯ ವರ್ಷ ಅದೇ ಸ್ವಾಮಿಗಳು, ಈಗ ಗಡ್ಡ ನರೆತು ಮಾತು ಪಳಗಿದವರು, ಗುಡಿಯ ಜೀರ್ಣೋದ್ಧಾರಕ್ಕೂ ಸುತ್ತಲೂ ಗೋಡೆ ಕಟ್ಟಿಸುವುದಕ್ಕೂ ಎಂದು ದೂರದಿಂದ ಮುದ್ದಾಚಾರಿ ಎಂಬ ಹೆಸರಾಂತ ಮೇಸ್ತ್ರಿಯನ್ನು ಕರೆತಂದರು. ಆಚಾರಿ ಮೊದಲು ಮಾಡಿದ ಕೆಲಸವೆಂದರೆ, ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಕಮಾನಿನ ತುಂಡೊಂದನ್ನು ಎತ್ತಿಕೊಂಡು ಸುತ್ತಿಗೆಯಿಂದ ಹೊಡೆದದ್ದು. ಅದು ಒಡೆಯಲಿಲ್ಲ. ಮತ್ತೆ ಹೊಡೆದ. ಇಟ್ಟಿಗೆ ಪುಡಿಯಾಯಿತು, ನಡುವಿನ ಗಾರೆ ಕಲ್ಲಿನಂತೆ ಉಳಿಯಿತು. ಆಮೇಲೆ ಯಾರೋ ತೋರಿಸಿದರೆಂದು ಹೊಂಡದ ಬಳಿಗೆ ಹೋಗಿ, ಹುಲ್ಲು ಸರಿಸಿ, ಒಂದಿಷ್ಟು ಸುಣ್ಣ ತೆಗೆದು ಎರಡು ಬೆರಳಲ್ಲಿ ಉಜ್ಜಿದ. ಬೆಣ್ಣೆಯ ಹಾಗಿತ್ತು. ಕರಣೆಗೆ ಹಚ್ಚಿದರೆ ಬಿಡಲೊಲ್ಲದು.

‘ಸ್ವಾಮಿ, ಇಂಥಾ ಸುಣ್ಣ ನಮ್ಮಪ್ಪನೂ ಕಂಡಿರಾಕಿಲ್ಲ’ ಎಂದ ಆಚಾರಿ, ಊರವರೆಲ್ಲ ಕೇಳುವಂತೆ. ‘ಆ ಬಿದ್ದಿರೋ ಗಾರೆನೂ ಇದ್ರದ್ದೇ. ಅದ್ರಲ್ಲಿ ಒಂದು ಎಳ್ಳಷ್ಟೂ ದೋಸ ಇಲ್ಲ. ಆನಿಕೆ ಯಾರೋ ಅವಸರಕ್ಕೆ ಕಿತ್ತವ್ರೆ. ಕೆಲಸ ಗೊತ್ತಿರೋನು ಹಂಗೆ ಕೀಳಾಕಿಲ್ಲ.’

ಹನ್ನೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದ ಊರು ಆಗ ನೆಲ ನೋಡುತ್ತ ನಿಂತಿತು ಎನ್ನುತ್ತಾರೆ. ಸ್ವಾಮಿಗಳು ಒಬ್ಬೊಬ್ಬರ ಮುಖವನ್ನೂ ನೋಡಿಕೊಂಡು ಬಂದು ಕೊನೆಗೆ ಜ್ಞಾನಮ್ಮನ ಎದುರು ನಿಂತರು. ಅಂದು ತಾವು ಅವಳ ಮಾತಿಗೆ ಕಿವಿಗೊಡಲಿಲ್ಲವೆಂಬುದು ಅವರಿಗೆ ನೆನಪಿತ್ತು. ಈ ಸುಣ್ಣವನ್ನು ದೇವಾಲಯಕ್ಕೆ ಕೊಡುತ್ತೀಯಾ ತಾಯಿ ಎಂದಷ್ಟೇ ಕೇಳಿದರು.

‘ದೇವಮಾತೆಗೇ ಅಂತ್ಲೇ ಮಾಗ್ಸಿರೋದು ಸ್ವಾಮಿ, ತಕ್ಕೊಳಿ’ ಎಂದಳು ಜ್ಞಾನಮ್ಮ. ‘ಆದ್ರೆ ನನ್ನ ಯಜಮಾನ್ರು ಒಳಗೆ ಬರ್ಬೇಕು.’

ಹೂತ ದೇಹವನ್ನು ಎತ್ತಬೇಕಾದರೆ ಮೇಲಿನವರ ಅಪ್ಪಣೆ ಬೇಕು, ಕಾಗದ ಸಮುದ್ರ ದಾಟಿ ಹೋಗಿ ಬರಬೇಕು, ವರ್ಷಗಳೇ ಹಿಡಿಯುತ್ತವೆ ಎಂದು ಸ್ವಾಮಿಗಳು ಪೇಚಾಡಿಕೊಂಡರು. ಜ್ಞಾನಮ್ಮ ಅದನ್ನೂ ಯೋಚಿಸಿಟ್ಟುಕೊಂಡಿದ್ದಳು. ಹನ್ನೆರಡು ವರ್ಷ ನೀರು ಹೊತ್ತವಳಿಗೆ ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತ್ತು.

‘ಅವ್ರನ್ಯಾಕೆ ಎಬ್ಬಿಸ್ತೀರಿ? ಮಲಗಿರ್ಲಿ. ಬೇಲಿ ಕಿತ್ತು ಗೋಡೆ ಕಟ್ತೀವಿ ಅಂತಿದ್ದೀರಲ್ಲ, ಆ ಗೋಡೆನೇ ಅವ್ರನ್ನ ಬಳಸ್ಕೊಂಡು ಬರ್ಲಿ.’

ಮುದ್ದಾಚಾರಿ ಜೋರಾಗಿ ನಕ್ಕುಬಿಟ್ಟ. ತಾನು ಹುಟ್ಟಿದಾಗಿನಿಂದ ಸೊಟ್ಟ ಗೋಡೆ ಕಟ್ಟಿಲ್ಲ, ಈಗ ಕಟ್ಟುತ್ತೇನೆ ಎಂದ. ಆಗ ಗುಂಪಿನ ಹಿಂದಿನಿಂದ ರಾಯಪ್ಪ ಮುಂದೆ ಬಂದ. ಮುದುಕನಾಗಿದ್ದ. ರುಮಾಲು ತೆಗೆದು ಕೈಯಲ್ಲಿ ಹಿಡಿದಿದ್ದ. ‘ಆನಿಕೆ ಕೀಳಿಸ್ದೋನು ನಾನು. ಚೌರಪ್ಪನ ತಪ್ಪಿಲ್ಲ’ ಎಂದು ಎಲ್ಲರ ಎದುರು ಹೇಳಿ, ಸಮಾಧಿಯ ಆಚೆಗೆ ಹೋಗಿ ಗೋಡೆಯ ಮೊದಲ ಕಲ್ಲನ್ನು ತಾನೇ ಹೊತ್ತಿಟ್ಟ. ಜ್ಞಾನಮ್ಮ ಅವನನ್ನು ಬೈಯಲೂ ಇಲ್ಲ, ಸಂತೈಸಲೂ ಇಲ್ಲ. ಆ ಕಲ್ಲನ್ನು ಇನ್ನೊಂದು ಮಾರು ಹೊರಗೆ ಸರಿಸಲು ಹೇಳಿದಳು, ಅಷ್ಟೆ. ಗಂಡನ ಪಕ್ಕದಲ್ಲಿ ತನಗೂ ಜಾಗ ಬೇಕಲ್ಲ!

ಆ ವರ್ಷವೂ ಕಮಾನು ಶ್ರಾವಣದಲ್ಲೇ ಮುಗಿಯಿತು. ಹಬ್ಬಕ್ಕೆ ಏಳೂರಿನ ಜನ ಬಂದರು. ಸ್ವಾಮಿಗಳು ನಲವತ್ತು ಆನಿಕೆಗಳ ನಡುವೆ ನುಸುಳಿಕೊಂಡೇ ಪೀಠಕ್ಕೆ ಹೋಗಿ ಪೂಜೆ ಅರ್ಪಿಸಿದರು. ಯಾರೂ ನಗಲಿಲ್ಲ. ದೀಪಾವಳಿ ಕಳೆದ ಮೇಲೆ ಜ್ಞಾನಮ್ಮ ಒಳಗೆ ಹೋಗಿ, ಕಮಾನಿನ ಬುಡಕ್ಕೆ ಅಂಗೈಯಿಟ್ಟು ನೋಡಿ ‘ಊಂ’ ಎಂದಳು. ಆಗಲೇ ಮೊದಲ ಮರ ಕೆಳಗಿಳಿದದ್ದು.

ಅದಾದ ನಾಲ್ಕನೆಯ ವರ್ಷ ರಾಯಪ್ಪ ಹಾಸಿಗೆ ಹಿಡಿದ. ಸಾಯುವ ಮುಂಚೆ ಅವನು ಮಕ್ಕಳಿಂದ ಒಂದು ಭಾಷೆ ತೆಗೆದುಕೊಂಡ. ತನ್ನನ್ನು ಗೋಡೆಯ ಹೊರಗೆ, ಶಿಲುಬೆಯಿಲ್ಲದೆ ಮಣ್ಣು ಮಾಡಬೇಕು. ಚೌರಪ್ಪ ಹನ್ನೆರಡು ವರ್ಷ ಇದ್ದ ಹಾಗೆ ತಾನೂ ಇರಬೇಕು. ಮಕ್ಕಳು ಅಳುತ್ತ ಹೊರಗೆ ಗುಂಡಿ ತೋಡುತ್ತಿದ್ದಾಗ ಜ್ಞಾನಮ್ಮ ಖಾಲಿ ಕೊಡ ಹಿಡಿದು ಆ ದಾರಿಯಲ್ಲಿ ಬಂದಳು.

‘ಮುಚ್ರಪ್ಪ ಅದನ್ನ’ ಎಂದಳು. ‘ಹೊರಗೆ ಒಬ್ರನ್ನ ಇಟ್ಟು ನೋಡಿದ್ದಾಯ್ತು. ಸಾಕು. ನನ್ನ ಜಾಗ ಐತಲ್ಲ, ಅಲ್ಲಿಗಾಕಿ. ನಂಗೆ ಬೇಕಾದ್ರೆ ಗೋಡೆ ಇನ್ನೊಸಿ ಬಗ್ಗುತ್ತೆ.’

ಇಂದಿಗೂ ಹಬ್ಬದ ದಿನ ಆ ಕಮಾನಿನಡಿ ಎರಡು ಮರದ ಆನಿಕೆಗಳನ್ನು ನಿಲ್ಲಿಸಿಯೇ ಪೂಜೆ ಆರಂಭಿಸುತ್ತಾರೆ. ಚಾವಣಿಗೆ ಅದರ ಅಗತ್ಯ ಏನೇನೂ ಇಲ್ಲ. ಹೊಂಡದಲ್ಲಿ ಈಗಲೂ ಸುಣ್ಣವಿದೆ. ಈಚಿನ ದುರಸ್ತಿಗೂ ಅದನ್ನೇ ಬಳಸಿದರು, ದಿನಕ್ಕೊಂದು ಮನೆಯವರು ಸರದಿಯಂತೆ ನೀರು ಹಾಕುತ್ತಾರೆ. ನೋಡಲು ಬಂದವರು ಉತ್ತರದ ಗೋಡೆಯ ದೊಡ್ಡ ಸೊಟ್ಟಿನೊಳಗೆ ಎರಡು ಸಮಾಧಿಗಳನ್ನು ಕಾಣುತ್ತಾರೆ, ಚೌರಪ್ಪನದು ಮತ್ತು ಅವನ ಮಗ್ಗುಲಲ್ಲಿ ರಾಯಪ್ಪನದು. ಚೌರಪ್ಪನ ಇನ್ನೊಂದು ಮಗ್ಗುಲಿಗೆ ಗೋಡೆ ಒತ್ತಿಕೊಂಡೇ ಇತ್ತು, ಒಬ್ಬರು ಮಲಗುವಷ್ಟೂ ಜಾಗವಿರಲಿಲ್ಲ. ಜ್ಞಾನಮ್ಮ ತೀರಿಕೊಂಡ ದಿನ ಸ್ವಾಮಿಗಳೂ ಊರಲ್ಲಿರಲಿಲ್ಲ, ಆಚಾರಿಯೂ ಇರಲಿಲ್ಲ. ಅಂದು ಆನಿಕೆ ಕಿತ್ತ ಎಂಟು ಮಂದಿಯಲ್ಲಿ ಬದುಕಿದ್ದವರು ಐವರು. ಅವರು ಯಾರನ್ನೂ ಕೇಳದೆ ಬೆಳಿಗ್ಗೆಯೇ ಹಾರೆ ಹಿಡಿದು ಬಂದು ಆ ಗೋಡೆಯನ್ನು ಬಿಚ್ಚಿದರು, ಅವಳು ಮಲಗುವಷ್ಟು ಹೊರಗೆ ಸರಿಸಿ, ಅವಳದೇ ಹೊಂಡದ ಸುಣ್ಣದಿಂದ ಮತ್ತೆ ಕಟ್ಟಿದರು. ಅವರು ಗಾರೆ ಕೆಲಸದವರಲ್ಲ, ಕಲ್ಲುಗಳು ಒಂದಕ್ಕೊಂದು ಸರಿಯಾಗಿ ಕೂತಿಲ್ಲ. ಆ ಸಣ್ಣ ಸೊಟ್ಟು ಅದೇ.