ಹಿಂಬಾಗಿಲ ಕೊಸರು

ಹತ್ತಿರ ಬನ್ನಿ ಮಕ್ಕಳೇ, ಇನ್ನೂ ಹತ್ತಿರ. ಪೊದೆಯ ಆಚೆ ಯಾರೂ ಇಲ್ಲ ತಾನೆ? ಈಗ ಹೇಳುವುದು ನಿಮ್ಮ ಅವ್ವನ ಕಿವಿಗೂ ಬೀಳಬಾರದು. ಮೀಸೆ ಮುಟ್ಟಿ ಆಣೆ ಮಾಡಿ. ಮಾಡಿದಿರಾ? ಸರಿ.

ಒಂದು ಕಾಡಿನಲ್ಲಿ ಸಣ್ಣಪುಟ್ಟ ಜೀವಗಳ ಸಂತೆ ನಡೆಯುತ್ತಿತ್ತು. ನಮ್ಮ ಕಾಡೇ ಅಂದುಕೊಳ್ಳಿ. ಎಂಟು ದಿನಕ್ಕೊಮ್ಮೆ, ನಡುಹಗಲಲ್ಲಿ, ದೊಡ್ಡ ಬಸರಿ ಮರದ ಕೆಳಗೆ. ಮರದ ಬೆನ್ನಿಗೇ ಕಲ್ಲುಗುಡ್ಡ. ಬೇರುಗಳ ಸಂದಿಯಲ್ಲಿ ಅಂಗಡಿಗಳು. ಗೆಡ್ಡೆ ಗೆಣಸು ಬೇಕೆಂದರೆ ಮುಳ್ಳುಹಂದಿ ಕೆಂಚಪ್ಪನ ಅಂಗಡಿ. ಅದರ ಪಕ್ಕಕ್ಕೇ ಹೆಗ್ಗಣದ ಸಾಕವ್ವನ ಕಾಳಿನ ಅಂಗಡಿ. ಕೆಂಚಪ್ಪನಿಗೆ ಹೆಂಡತಿ ಇರಲಿಲ್ಲ. ಸಾಕವ್ವನಿಗೆ ಗಂಡ ಇರಲಿಲ್ಲ. ನಾನು ಬೇರೆ ಏನೂ ಹೇಳುತ್ತಿಲ್ಲ, ಇಷ್ಟು ನೆನಪಿಟ್ಟುಕೊಳ್ಳಿ ಸಾಕು.

ಬೇಸಿಗೆ ಶುರುವಾದಾಗ ಆ ಸಂತೆಗೆ ಸೀಳುನಾಯಿಗಳು ನುಗ್ಗಿದವು. ಮುಂದೆ ನಾಯಿ, ಹಿಂದೆ ಗುಡ್ಡ. ಓಡುವುದೆಲ್ಲಿಗೆ? ಎಲ್ಲರೂ ಅಂಗಡಿಗಳೊಳಗೆ ನುಗ್ಗಿದರು. ಅಂಗಡಿಗೆ ಇದ್ದದ್ದು ಒಂದೇ ಬಾಯಿ. ಹೊಕ್ಕವರು ಹೊಕ್ಕಲ್ಲೇ ಸಿಕ್ಕಿಬಿದ್ದರು. ನಮ್ಮ ಪಕ್ಕದ ಪೊದೆಯ ಗೌಜಲಹಕ್ಕಿ ಪುಟ್ಟೀರಿಯ ಗಂಡ ಆವತ್ತೇ ಹೋದ. ಅವಳು ಮೊಟ್ಟೆ ಬಿಟ್ಟು ಏಳುವಂತಿರಲಿಲ್ಲ, ಅಳುವುದನ್ನೂ ಕೂತಲ್ಲೇ ಅತ್ತಳು. ಆಮೇಲೆ ಐದು ಮರಿ ಹೊರಬಂದವು.

ಇದಾದ ಮೇಲೆ ಕೆಂಚಪ್ಪನೂ ಸಾಕವ್ವನೂ ಗುಸುಗುಸು ಶುರು ಮಾಡಿದರು. ಸಂತೆ ಇಲ್ಲದ ದಿನವೂ ಇಬ್ಬರೂ ಒಂದೇ ಅಂಗಡಿಯೊಳಗೆ. ಮುಂದೆ ಮುಳ್ಳಿನ ತಡಿಕೆ ಮುಚ್ಚಿರುತ್ತಿತ್ತು. ಹೊರಗೆ ಬಂದಾಗ ಇಬ್ಬರ ಮೈಯೂ ಮಣ್ಣು. ನಾನು ಎದುರಿನ ತಂಗಡಿ ಗಿಡದ ಹಿಂದೆ ಮೂರು ದಿನ ಕೂತು ಕಣ್ಣಾರೆ ಕಂಡವಳು. ಕಂಡದ್ದನ್ನು ನಾಲ್ಕು ಮನೆಗೆ ಹೇಳದಿದ್ದರೆ ಮೊಲದ ಮುದುಕಿಗೆ ಅನ್ನ ಇಳಿಯುತ್ತದೆಯೇ? ಹೇಳಿದೆ.

ಮುಂದಿನ ಸಂತೆಗೆ ಹೊಸ ರೂಢಿ ಬಂತು. ಕೊಸರು ಅಂದರೆ ಗೊತ್ತಲ್ಲ? ಅಳೆದು ಹಾಕಿದ ಮೇಲೆ ಒಂದು ಹಿಡಿ ಮೇಲೆ ಹಾಕುವುದು. ಅದಿಲ್ಲದೆ ಯಾವ ಗಿರಾಕಿಯೂ ಚೀಲದ ಬಾಯಿ ಕಟ್ಟುವುದಿಲ್ಲ. ನಮ್ಮಜ್ಜಿಯ ಕಾಲದಿಂದಲೂ ಕೊಸರು ಮುಂದುಗಡೆ, ಎಲ್ಲರ ಕಣ್ಣೆದುರಿಗೇ ಬೀಳುತ್ತಿತ್ತು. ಈಗ ಕೆಂಚಪ್ಪ ಗೆಡ್ಡೆ ತೂಗಿ ಕೊಟ್ಟು, ಕೊಸರು ಹಿಂದುಗಡೆ ಇದೆ, ಹೋಗಿ ತಗೊಳ್ಳಿ ಅಂದ. ಸಾಕವ್ವನದೂ ಅದೇ ರಾಗ. ಎರಡು ಅಂಗಡಿಗೂ ಸೇರಿ ಹಿಂದೆ ಒಂದು ಬಿಲ ತೋಡಿದ್ದರು. ಒಳಗೆ ಕಗ್ಗತ್ತಲೆ. ಮೊದಲು ಎಡಕ್ಕೆ ತಿರುಗಬೇಕು, ಆಮೇಲೆ ಬಲಕ್ಕೆ. ಅಲ್ಲಿ ಮುತ್ತುಗದ ಎಲೆಯ ಮೇಲೆ ಕೊಸರು. ಎತ್ತಿಕೊಂಡು ಮುಂದೆ ಹೋದರೆ ಗುಡ್ಡದ ಆಚೆ ಮಗ್ಗುಲು, ಬಿದಿರು ಮೆಳೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಕಟ್ಟಳೆ ಬೇರೆ ಇತ್ತು. ಮರಿಗಳು ಮೊದಲು, ಮುದುಕರು ನಡುವೆ, ಗಟ್ಟಿಮುಟ್ಟಾದವರು ಕೊನೆಗೆ. ನೂಕಿದವರಿಗೆ ಕೊಸರಿಲ್ಲ. ಕೆಂಚಪ್ಪ ಮುಳ್ಳು ಕೊಡವಿ ಸದ್ದು ಮಾಡಿದಾಗ ಮಾತ್ರ ಒಳಗೆ ಇಳಿಯಬೇಕು. ಯಾಕಪ್ಪ ಈ ಆಟ ಅಂತ ಕೇಳಿದರೆ, ಮತ್ತೆ ನಾಯಿ ಬಂದರೆ ಕಾಲಿಗೆ ದಾರಿ ಗೊತ್ತಿರಲಿ ಅಂತ ಹೇಳಿದ. ಆಚೆ ಬಾಯಿ ಎಲ್ಲಿ ಬರುತ್ತದೆ ಅನ್ನುವುದನ್ನು ಮಾತ್ರ ಹೊರಗೆ ಆಡಬೇಡಿ ಅಂದ. ಇಡೀ ಸಂತೆ ಅದನ್ನು ನಂಬಿತು. ಬೇರೆ ಅಂಗಡಿಯವರೂ ತಮ್ಮ ಗಿರಾಕಿಗಳ ಕೊಸರನ್ನು ಅಲ್ಲಿಗೇ ಕಳಿಸತೊಡಗಿದರು. ಮರಿಗಳಂತೂ ಎಂಟು ದಿನ ಬೆರಳು ಮಡಿಚಿ ಕಾಯುತ್ತಿದ್ದವು.

ನಾನು ನಂಬಲಿಲ್ಲ. ಅಂಗಡಿಯವರು ಪುಕ್ಕಟೆ ಉಪಕಾರ ಮಾಡಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡವಳಲ್ಲ. ಕೊಸರಿಗಾಗಿ ಕತ್ತಲೆಯಲ್ಲಿ ತೆವಳುವಷ್ಟು ನನ್ನ ಮರ್ಯಾದೆ ಅಗ್ಗವಾಗಿರಲಿಲ್ಲ. ಪುಟ್ಟೀರಿ ಮಾತ್ರ ಮರಿಗಳನ್ನು ಕರೆದುಕೊಂಡು ಹೋಗುವುದರಲ್ಲಿದ್ದಳು. ನಾನು ತಡೆದೆ. ಗಂಡನಿಲ್ಲದವಳು ನೀನು, ಆ ಸಾಕವ್ವನ ಬಿಲಕ್ಕೆ ಹೋಗಿ ಬಂದಳು ಅಂತ ನಾಳೆ ನಾಲ್ಕು ಜನ ಆಡಿಕೊಂಡರೆ ಯಾರು ದಿಕ್ಕು ಅಂದೆ. ಆ ನಾಲ್ಕು ಜನ ಯಾರು ಅಂತ ಅವಳಿಗೂ ಗೊತ್ತಿತ್ತು. ಹೆದರಿದಳು. ಕೊಸರಿಲ್ಲದೆ ಕಾಳು ಕೊಂಡು ಮನೆಗೆ ಬಂದಳು. ಮೂರು ಸಂತೆ ಹೀಗೇ ಆಯಿತು.

ಇನ್ನು ನರಿ ಬೋಳಯ್ಯನ ವಿಷಯ. ಅವನು ಸಂತೆಗೆ ಬರುತ್ತಿದ್ದ, ಆದರೆ ಒಂದು ಕಾಳನ್ನೂ ಕೊಂಡವನಲ್ಲ. ರುಚಿ ನೋಡುತ್ತೇನೆ ಅಂತ ಅಂಗಡಿ ಅಂಗಡಿಯಲ್ಲಿ ಅರ್ಧ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದ. ಕೊಳ್ಳದವನಿಗೆ ಕೊಸರು ಎಲ್ಲಿಯದು? ಬಿಲದ ಬಾಯಿಗೆ ಅವನನ್ನು ಯಾರೂ ಬಿಡಲಿಲ್ಲ. ಒಂದು ಸಂಜೆ ಅವನು ನನ್ನ ಪೊದೆಗೆ ಬಂದ. ಬಾಲ ಮಡಿಚಿ ಕೂತು, ಮಂಡಿನೋವು ಹೇಗಿದೆ ಅಂತ ವಿಚಾರಿಸಿದ. ಮೊದಲ ಸಲ ಸಂತೆಗೆ ನಾಯಿಗಳು ಬಂದಾಗ ಅವನ ಗವಿಯ ಮುಂದೆ ಅವು ಕೊಟ್ಟ ಪಾಲಿನ ಎಲುಬು ಬಿದ್ದಿತ್ತು. ನಾನು ಅದನ್ನೂ ನೋಡಿದ್ದೆ. ಆದರೂ ಹೊಗಳಿಕೆ ಅನ್ನುವುದು ಬೆಲ್ಲ ನೋಡಿ.

"ದೊಡ್ಡವ್ವ, ಈ ಕಾಡಲ್ಲಿ ನಿನಗೆ ಗೊತ್ತಿಲ್ಲದ್ದು ಏನಿದೆ?" ಅಂದ. "ಆ ಬಿಲದ ಆಚೆ ಬಾಯಿ ಎಲ್ಲಿದೆ ಅನ್ನೋದು ಮಾತ್ರ ನಿನಗೂ ಗೊತ್ತಿರಲಿಕ್ಕಿಲ್ಲ, ಪಾಪ."

ಗೊತ್ತಿಲ್ಲ ಅಂತ ನಾನು ಯಾರಿಗೂ ಹೇಳಿದವಳಲ್ಲ. ನಾಲಿಗೆಯ ತುದಿಗೆ ಬಂದದ್ದನ್ನು ಹೇಳಿಬಿಟ್ಟೆ. ಹಳ್ಳದ ದಂಡೆಯ ಕೇದಗೆ ಮೆಳೆಯೊಳಗೆ ಬರುತ್ತದೆ, ನಾನೇ ನೋಡಿದ್ದೇನೆ ಅಂದೆ. ಬೋಳಯ್ಯ ನನ್ನ ಕಾಲು ಮುಟ್ಟಿ ಹೊರಟ. ಅವನು ಮನೆ ಕಡೆ ಹೋಗಲಿಲ್ಲ. ಸೀಳುನಾಯಿಗಳ ಬಂಡೆಯ ಕಡೆ ಹೋದ. ನಾನು ಕಂಡೂ ಸುಮ್ಮನಿದ್ದೆ. ಆಡಿದ ಮಾತು ಸುಳ್ಳು ಅಂತ ಹೇಗೆ ಹೇಳಿಕೊಳ್ಳಲಿ?

ಮುಂದಿನ ಸಂತೆಗೆ ಬೋಳಯ್ಯ ಬೆಳಿಗ್ಗೆಯೇ ಸುದ್ದಿ ಹಬ್ಬಿಸಿದ. ನಾಯಿಗಳು ಗುಡ್ಡ ದಾಟಿ ಹೋದವಂತೆ, ಧೈರ್ಯವಾಗಿ ಮಕ್ಕಳುಮರಿ ಕರೆದುಕೊಂಡು ಬನ್ನಿ ಅಂದ. ಸಂತೆ ತುಂಬಿತು. ನಾನೂ ಹೋದೆ, ಹೋಗದಿದ್ದರೆ ಯಾಕೆ ಅಂತ ಹೇಳಬೇಕಾಗುತ್ತಿತ್ತಲ್ಲ. ನೆತ್ತಿಗೆ ಸೂರ್ಯ ಬಂದಾಗ ಮುಂದುಗಡೆಯಿಂದ ಆರು ನಾಯಿ ನುಗ್ಗಿದವು.

ಕೆಂಚಪ್ಪ ಮುಳ್ಳು ಕೊಡವಿದ. ಗಲಗಲ ಸದ್ದಾಯಿತು. ಇಡೀ ಸಂತೆ ಮಾತಿಲ್ಲದೆ ಎದ್ದು ಹಿಂದಕ್ಕೆ ಹೋಯಿತು. ಮರಿಗಳು ಮೊದಲು, ಮುದುಕರು ನಡುವೆ. ಯಾರೂ ಯಾರನ್ನೂ ನೂಕಲಿಲ್ಲ. ಕೊಸರಿಗೆ ಹೋಗಿ ಹೋಗಿ ಅವರ ಕಾಲಿಗೆ ಕಣ್ಣು ಬಂದಿತ್ತು. ಕಣ್ಣು ಮುಚ್ಚಿ ಬಿಡುವುದರೊಳಗೆ ಸಂತೆ ಬರಿದಾಯಿತು.

ನಿಂತವರು ನಾವು ಮಾತ್ರ. ನಾನು, ಪುಟ್ಟೀರಿ, ಅವಳ ಐದು ಮರಿ. ಬಿಲದ ಬಾಯಿ ಕಾಣುತ್ತಿತ್ತು, ಒಳಗೆ ಎತ್ತ ಹೋಗಬೇಕೋ ಗೊತ್ತಿರಲಿಲ್ಲ. ಪುಟ್ಟೀರಿಗೆ ರೆಕ್ಕೆ ಇತ್ತು, ಹಾರಬಹುದಿತ್ತು. ಮರಿಗಳ ರೆಕ್ಕೆ ಬಲಿತಿರಲಿಲ್ಲ. ಅವಳು ಹಾರಲಿಲ್ಲ. ಐದನ್ನೂ ಹೊಟ್ಟೆಯ ಕೆಳಗೆ ಎಳೆದುಕೊಂಡು ನೆಲಕ್ಕೆ ಒತ್ತಿ ಕೂತಳು. ನನ್ನ ಮುಖ ನೋಡಿದಳು. ಆ ನೋಟ ಬೇಡ ಮಕ್ಕಳೇ.

ಆಗ ಬಿಲದೊಳಗಿಂದ ಸಾಕವ್ವ ವಾಪಸು ಬಂದಳು. ಅವಳು ಆಗಲೇ ಅರ್ಧ ದಾರಿ ಹೋಗಿದ್ದಳಂತೆ. ತಲೆ ಎಣಿಸಿದಾಗ ಏಳು ಕಮ್ಮಿ ಬಂದವಂತೆ.

"ಅಜ್ಜಿ, ನನ್ನ ಬಾಲ ಹಿಡ್ಕೋ," ಅಂದಳು. "ಬೈಯೋದಿದ್ರೆ ಆಚೆ ಹೋಗಿ ಬೈ."

ಹಿಡಿದೆ. ನನ್ನ ಹಿಂದೆ ಮರಿಗಳು, ಮರಿಗಳ ಹಿಂದೆ ಪುಟ್ಟೀರಿ. ಎಲ್ಲರ ಕೊನೆಗೆ, ಬಿಲದ ಬಾಯಲ್ಲೇ ಕಾದಿದ್ದ ಕೆಂಚಪ್ಪ ಹಿಮ್ಮುಖವಾಗಿ ಬಿಲಕ್ಕೆ ಇಳಿದು, ಬೆನ್ನಿನ ಮುಳ್ಳನ್ನೆಲ್ಲ ಹೊರಗೆ ನಿಗುರಿಸಿ ಬಾಯಿ ಮುಚ್ಚಿದ. ಮೊದಲು ಮೂಗು ಹಾಕಿದ ನಾಯಿ ಅಳುತ್ತ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದಕ್ಕೆ ಬುದ್ಧಿ ಬಂತು.

ಅತ್ತ ಕೇದಗೆ ಮೆಳೆಯಲ್ಲಿ ಇನ್ನು ನಾಲ್ಕು ನಾಯಿ ಬಾಯಿ ತೆರೆದು ಕಾಯುತ್ತಿದ್ದವು. ಜೊತೆಗೆ ಬೋಳಯ್ಯ. ಈಗ ಬರುತ್ತವೆ, ಇನ್ನೇನು ಬಂದವು ಅನ್ನುತ್ತಲೇ ಇದ್ದ. ಹೊತ್ತು ವಾಲಿತು. ಒಂದು ಇಲಿಯೂ ಬರಲಿಲ್ಲ. ಸಂತೆಗೆ ನುಗ್ಗಿದ್ದ ಆ ಆರು ನಾಯಿಯೂ ಬಂದು ಸೇರಿದವು, ಎರಡರ ಮೂಗಿನ ತುಂಬ ಮುಳ್ಳು. ಎಲ್ಲವೂ ಬೋಳಯ್ಯನ ಕಡೆ ತಿರುಗಿದವು. ಅವನು ಓಡಿದ. ಓಡಿ ಓಡಿ ಸಂತೆಗೇ ಬಂದು, ಬರಿದಾಗಿದ್ದ ಅದೇ ಬಿಲಕ್ಕೆ ನುಗ್ಗಿದ. ಮೊದಲು ಎಡಕ್ಕೆ ಅಂತ ಅವನಿಗೆ ಯಾರು ಹೇಳಿದ್ದರು? ಬಲಕ್ಕೆ ತಿರುಗಿದ. ಅದು ಸಾಕವ್ವ ಮಣ್ಣು ತುಂಬಿಟ್ಟಿದ್ದ ಕುರುಡು ಗೂಡು. ನಾಯಿಗಳು ಅವನನ್ನು ಬಾಲ ಹಿಡಿದು ಹೊರಗೆಳೆದವು. ಆಮೇಲೆ ಅವನು ಯಾವ ಅಂಗಡಿಯಲ್ಲೂ ರುಚಿ ನೋಡಲಿಲ್ಲ.

ಮಾರನೆಯ ದಿನ ನಾನು ಪೊದೆ ಪೊದೆಗೂ ಹೋಗಿ, ನರಿಗೆ ಬೇಕೆಂದೇ ತಪ್ಪು ದಾರಿ ಹೇಳಿ ಸಂತೆ ಉಳಿಸಿದವಳು ನಾನು ಅಂತ ಹೇಳಿ ಬಂದೆ. ಕೆಂಚಪ್ಪನಿಗೂ ಸಾಕವ್ವನಿಗೂ ಏನೋ ಇದೆ ಅನ್ನುವುದನ್ನು ಈಗಲೂ ಬಿಟ್ಟಿಲ್ಲ. ಸುಮ್ಮನೆ ಇಬ್ಬರೂ ಒಟ್ಟಿಗೆ ಮಣ್ಣು ಅಗೆಯುತ್ತಾರೆಯೇ? ಕೊನೆಗೆ ಪುಟ್ಟೀರಿಯ ಮನೆಗೂ ಹೋದೆ. ಅವಳು ಮರಿಗಳಿಗೆ ಗೆದ್ದಲು ತಿನ್ನಿಸುತ್ತಿದ್ದಳು. ನನ್ನ ಮಾತು ಮುಗಿಯುವವರೆಗೂ ಕೇಳಿದಳು. ಕೂತುಕೋ ಅನ್ನಲಿಲ್ಲ.

ನೀತಿ: ಇದು ನನ್ನದಲ್ಲ, ಪುಟ್ಟೀರಿ ನನ್ನ ಮುಖಕ್ಕೇ ಹೇಳಿದ್ದು. "ಅಜ್ಜಿ, ಆಪತ್ತು ಬರೋ ಮುಂಚೆ ದಾರಿ ಮಾಡಿಟ್ಟವರ ಮೇಲೆ ಅನುಮಾನ ಬಂದ್ರೆ, ಮೊದಲು ಆ ದಾರೀಲಿ ಒಂದು ಸಲ ನಡೆದು ನೋಡು, ಆಮೇಲೆ ಮಾತಾಡು. ನಿನ್ನ ನಾಲಿಗೆ ನರೀನ ಕೊಂದಿದ್ದು ಅದೃಷ್ಟ. ನನ್ನ ಮಕ್ಕಳನ್ನ ನಾಯಿ ಬಾಯಿಗೆ ನಿಲ್ಲಿಸಿದ್ದು ಅದರ ಕಸುಬು."