ಸುಟ್ಟ ಮಣ್ಣಿನ ಕೋಟೆ

“ಕೇಳಿರಪ್ಪೋ ಕೇಳಿ! ಹಿರೇಕೋಟೆಯ ದೊರೆ ಇರಿವಮಲ್ಲರ ಮಗಳು ಮಾಳಲಾದೇವಿ ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ತಲೆ ಹೋಗುತ್ತದೆ!”

ಡಂಗುರದವನು ಇಟ್ಟಿಗೆಗೂಡಿನ ಹತ್ತಿರ ಸಾರಿದಾಗ ತಿಪ್ಪ ಹಸಿ ಇಟ್ಟಿಗೆ ಹೊತ್ತು ನಿಂತಿದ್ದ. ಅವನಿಗಿಂತ ಮುಂಚೆ ಹುಟ್ಟಿದ ಮೂವರು ಗಂಡುಮಕ್ಕಳು ತೀರಿಕೊಂಡಿದ್ದರು. ಇವನಾದರೂ ಉಳಿಯಲೆಂದು ಅವ್ವ ಇವನನ್ನು ಹುಟ್ಟಿದ ದಿನವೇ ತಿಪ್ಪೆಯ ಮೇಲೆ ಮಲಗಿಸಿ, ಎತ್ತಿಕೊಂಡು, ಆ ಹೆಸರಿಟ್ಟಿದ್ದಳು. ಉಳಿದ. ಈಗ ಅವ್ವ ಇಲ್ಲ. ಇರುವವಳು ಅಕ್ಕ ಸಂಕವ್ವ. ಎರಡು ಕೂಸುಗಳನ್ನು ಹೂತು, ಮೂರನೆಯದಕ್ಕೆ ಬಸುರಿ. ಅವಳ ಕಣ್ಣಿನ ಒಳರೆಪ್ಪೆ ಸುಣ್ಣದ ಹಾಗೆ ಬೆಳ್ಳಗಿತ್ತು. ಗೋಡೆಯ ಮಣ್ಣು ಕೆರೆದು ತಿನ್ನುತ್ತಿದ್ದಳು.

ಈ ಕೂಸನ್ನು ಮಲಗಿಸೋಣವೆಂದರೆ ಊರಲ್ಲಿ ತಿಪ್ಪೆಯೇ ಇರಲಿಲ್ಲ. ಹಿಂದೆ ಪ್ರತಿ ಬೇಸಿಗೆಯಲ್ಲಿ ಜನ ಕೆರೆಯ ಹೂಳು ತೆಗೆದು ಹೊಲಕ್ಕೆ ಹೊಡೆಯುತ್ತಿದ್ದರು. ದೊರೆ ಕೋಟೆ ಕಟ್ಟಲು ಹೊರಟ ಮೇಲೆ ಹನ್ನೆರಡು ಬೇಸಿಗೆಯ ಹೂಳೆಲ್ಲ ಇಟ್ಟಿಗೆಯಾಯಿತು, ಸಗಣಿಯೆಲ್ಲ ಕುಳ್ಳಾಗಿ ಗೂಡಿನಲ್ಲಿ ಉರಿಯಿತು. ಹೊಲಕ್ಕೆ ಸಿಕ್ಕಿದ್ದು ಕಾಲುವೆಯ ನೀರು ಮಾತ್ರ. ಕುಂಬಳ ಕೊಪ್ಪರಿಗೆಯಷ್ಟು ದಪ್ಪ ಬಂತು. ಆಸ್ಥಾನದವರು ಕೈ ತಟ್ಟಿದರು. ತಟ್ಟಿದ ಕೈಗಳಲ್ಲಿ ಒಂದೂ ಮಣ್ಣು ಮುಟ್ಟಿದ್ದಲ್ಲ.

“ಹೋಗಬ್ಯಾಡ ತಿಪ್ಪ. ನೀನೂ ಹೋದರೆ ನನಗ್ಯಾರೋ?”

“ಇಲ್ಲೇ ಇದ್ದು ಮೂರನೇ ಗುಂಡೀನೂ ನಾನೇ ತೋಡಲೇನಕ್ಕ?”

ಸಂಕವ್ವ ಎದ್ದಳು. ಹಿತ್ತಲಿಗೆ ಹೋಗಿ ಒಂದು ಹಿಡಿ ಕೀರೆಸೊಪ್ಪು ಕಿತ್ತು ತಂದಳು. ಹಿತ್ತಲೆಂದರೆ ಒಂದು ಚಾಪೆಯಗಲದ ಪಾತಿ. ಒಲೆಯ ಬೂದಿ, ಆಡಿನ ಹಿಕ್ಕೆ, ಮುಸುರೆನೀರು ಎಲ್ಲವನ್ನೂ ದೊರೆಯ ಆಳುಗಳ ಕಣ್ಣು ತಪ್ಪಿಸಿ ಅವ್ವ ಸಾಯುವವರೆಗೂ ಅದಕ್ಕೇ ಹಾಕುತ್ತಿದ್ದಳು. ಅದರ ಸೊಪ್ಪು ಒಬ್ಬರಿಗೆ ವಾರಕ್ಕೊಂದು ಊಟಕ್ಕೂ ಸಾಲುತ್ತಿರಲಿಲ್ಲ.

“ಇದು ನೀನು ತಿನ್ನೋದು” ಎಂದ ತಿಪ್ಪ.

“ಇನ್ನೊಬ್ಬರ ಮನೆಗೆ ಬರಿಗೈಲಿ ಹೋಗ್ತಾರೇನೋ?”

ಬಾಗಿಲ ಕಾವಲಿನವನು ಹೆಸರು ಕೇಳಿ ಮೂಗು ಮುಚ್ಚಿಕೊಂಡ. “ತಿಪ್ಪನೋ! ಹೇಳದಿದ್ದರೂ ಗೊತ್ತಾಗ್ತಿತ್ತು ಬಿಡು.”

ಒಳಗೆ ಸಭೆಯಲ್ಲಿ, ದೊರೆಯ ಪಕ್ಕ, ಮಾಳಲಾದೇವಿ ದಿಂಬಿಗೆ ಒರಗಿದ್ದಳು. ತಿಪ್ಪ ಮೊದಲು ನೋಡಿದ್ದು ಅವಳ ಉಗುರು. ಚಮಚದ ಹಾಗೆ ಗುಳಿಬಿದ್ದು, ಸಂದಿಯಲ್ಲಿ ಗೋಡೆಮಣ್ಣು ತುಂಬಿತ್ತು. ಅಕ್ಕನ ಉಗುರೂ ಹೀಗೆಯೇ. ಸೋತವರ ತಲೆ ತೆಗೆಸುವುದು ಯಾಕೆಂದು ಅವನಿಗೆ ಆಗ ತಿಳಿಯಿತು. ಅರಸನ ಮಗಳು ಮಣ್ಣು ತಿನ್ನುತ್ತಾಳೆಂಬ ಸುದ್ದಿ ಹೊರಗೆ ಹೋಗಬಾರದು.

ಅವನಿಗಿಂತ ಮುಂದೆ ಇಬ್ಬರಿದ್ದರು. ರಾಜಕುಮಾರಿ ಮೊದಲನೆಯ ಒಗಟು ಕೇಳಿದಳು. “ತಟ್ಟೆಯಲ್ಲಿ ಗುಡ್ಡದಷ್ಟಿರುತ್ತದೆ, ಹೊಟ್ಟೆ ಬಿರಿಯುವಷ್ಟು ತಿಂದರೂ ಮೈ ಹಸಿದೇ ಇರುತ್ತದೆ. ಏನದು?”

“ಆಸೆ!” ಎಂದ ನೆರೆನಾಡಿನ ರಾಜಕುಮಾರ, ಮೀಸೆ ತಿರುವುತ್ತ. ಅವನನ್ನು ಎಳೆದುಕೊಂಡು ಹೋದರು. ಹೊರಗಿನ ಸದ್ದು ಒಳಗೂ ಕೇಳಿಸಿತು.

ಆಸ್ಥಾನ ಪಂಡಿತನ ಮಗ ಬೆವರುತ್ತ ನಿಂತ. ಅವನಿಗೆ ಮೊದಲು ಎರಡನೆಯದನ್ನೇ ಕೇಳಿದಳು. “ಹಲ್ಲಿಲ್ಲ, ಸತ್ತದ್ದನ್ನೆಲ್ಲ ತಿನ್ನುತ್ತದೆ. ಮೊಲೆಯಿಲ್ಲ, ಬದುಕಿದ್ದವರಿಗೆಲ್ಲ ಉಣಿಸುತ್ತದೆ. ಏನದು?”

“ಅಗ್ನಿ, ದೇವಿ. ಯಜ್ಞದ ಅಗ್ನಿ.” ಅವನೂ ಹೋದ.

ತಿಪ್ಪ ಮುಂದೆ ಬಂದ. “ಎರಡಕ್ಕೂ ನೀನೇನು ಹೇಳುತ್ತೀಯ?” ಎಂದಳು ರಾಜಕುಮಾರಿ.

“ಮೊದಲನೇದು ನಮ್ಮ ಕುಂಬಳಕಾಯಿ, ಅಮ್ಮಣ್ಣಿ. ನಮ್ಮ ಬದನೆ, ನಮ್ಮ ಸೋರೆ. ಬರೀ ನೀರು ಕುಡಿದು ಬೆಳೆದವು. ಮಣ್ಣಿನಲ್ಲಿ ಕಬ್ಬಿಣ, ಸುಣ್ಣ, ಉಪ್ಪು ಇದ್ದರೆ ಕಾಯಿಗೆ ಬರುತ್ತೆ. ಕಾಯಿಯಲ್ಲಿದ್ದರೆ ನಮ್ಮ ರಕ್ತಕ್ಕೆ, ಎಲುಬಿಗೆ ಬರುತ್ತೆ. ಮಣ್ಣಿನಲ್ಲೇ ಇಲ್ಲದ್ದು ತಟ್ಟೆಗೆ ಎಲ್ಲಿಂದ ಬರಬೇಕು? ಅದಕ್ಕೇ ನೀವು ಗೋಡೆ ಕೆರೀತೀರಿ. ನಮ್ಮಕ್ಕನೂ ಕೆರೀತಾಳೆ.”

ದೊರೆ ಕತ್ತಿಗೆ ಕೈಹಾಕಿದ. ಮಗಳು ಬೇಡವೆಂದು ಕೈ ಎತ್ತಿದಳು.

“ಎರಡನೇದು ಮಣ್ಣೇ. ಎಲೆ, ಸಗಣಿ, ಹೆಣ ಕೊಟ್ಟರೆ ಅನ್ನ ಕೊಡುತ್ತೆ. ಹನ್ನೆರಡು ವರ್ಷದಿಂದ ಅದಕ್ಕೆ ನಾವು ಹೆಣ ಮಾತ್ರ ಕೊಟ್ಟಿದ್ದೀವಿ. ಅವೂ ಸಣ್ಣವು.”

“ಮೂರನೆಯದು” ಎಂದಳು ಅವಳು, ಉಸಿರು ಸಾಲದೆ. “ನನ್ನನ್ನು ಕಾಯಲೆಂದು ಕಟ್ಟಿದರು. ಅದೇ ನನ್ನನ್ನು ಕೊಲ್ಲುತ್ತಿದೆ. ಏನದು?”

ಉತ್ತರ ಹೇಳಿದರೆ ದೊರೆಯ ಮುಖಕ್ಕೆ ಹೇಳಿದಂತೆ. ತಿಪ್ಪ ಸಂಕವ್ವನ ಹೊಟ್ಟೆಯನ್ನು ನೆನೆದ.

“ನಿಮ್ಮಪ್ಪಾಜಿ ಕಟ್ಟಿದ ಕೋಟೆ, ಅಮ್ಮಣ್ಣಿ. ನಮ್ಮ ಹೊಲದ ಹೂಳು, ನಮ್ಮ ಕೊಟ್ಟಿಗೆಯ ಸಗಣಿ ಅದರಲ್ಲಿದೆ. ಶತ್ರು ಬರಲೇ ಇಲ್ಲ. ಬರಬೇಕಾಗಿಯೂ ಇರಲಿಲ್ಲ.”

ಮಾಳಲಾದೇವಿ ಅಪ್ಪನ ಕಡೆ ತಿರುಗಿದಳು. “ಮೂರೂ ಸರಿ. ಇವನು ಬೇಡಿದ್ದು ಕೊಡಿ.” ತಿಪ್ಪ ತಂದ ಸೊಪ್ಪನ್ನು ಅವನ ಕೈಯಿಂದ ತೆಗೆದುಕೊಂಡು, ಹಸಿಯಾಗಿಯೇ ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದಳು. “ಇದಕ್ಕೆ ರುಚಿ ಇದೆ” ಎಂದಳು, ಮರೆತುಹೋದ ಯಾವುದೋ ಹೆಸರು ನೆನಪಾದವಳಂತೆ. ಇನ್ನೊಂದು ಹಿಡಿಗಾಗಿ ಕೈ ಚಾಚಿದಳು. ತಿಪ್ಪನ ಹತ್ತಿರ ಇರಲಿಲ್ಲ.

“ಏನು ಬೇಕೋ?” ಎಂದ ದೊರೆ. ಅವನ ದನಿ ಒಡೆದಿತ್ತು.

“ನಮ್ಮ ಮಣ್ಣು ನಮಗೆ ಕೊಡಿ, ಬುದ್ಧಿ.”

“ತಗೋ. ಇಡೀ ಕೋಟೆ ತಗೋ. ಗೂಡುಗಳನ್ನು ಇವತ್ತೇ ಆರಿಸುತ್ತೇನೆ.”

ದೊರೆ ಮಾತು ತಪ್ಪಲಿಲ್ಲ. ಗೂಡು ಆರಿತು, ಗೋಡೆ ಉರುಳಿತು. ಊರವರು ಬಂಡಿಗಟ್ಟಲೆ ಇಟ್ಟಿಗೆ ತಂದು ಒನಕೆಯಿಂದ ಕುಟ್ಟಿ ಹೊಲಕ್ಕೆ ಚೆಲ್ಲಿದರು. ಕೆಂಪು ಪುಡಿ ಮಳೆಯಲ್ಲಿ ನೆನೆಯಿತು, ಬಿಸಿಲಲ್ಲಿ ಒಣಗಿತು. ಒಂದು ಗರಿಕೆಯೂ ಏಳಲಿಲ್ಲ. ಹಸಿ ಇಟ್ಟಿಗೆಯಾಗಿದ್ದರೆ ನೀರಿಗೆ ಹಾಕಿದ ಕೂಡಲೆ ಹೂಳಾಗುತ್ತಿತ್ತು. ಇವುಗಳನ್ನು ಗೂಡಿಗೆ ಹೊತ್ತವನು ತಿಪ್ಪನೇ, ಬೆಂಕಿ ಕೊಟ್ಟವನೂ ತಿಪ್ಪನೇ. ಸುಡುವಾಗ ಯಾರೂ ಬೇಡ ಎಂದಿರಲಿಲ್ಲ.

ಆ ಮಳೆಗಾಲ ಮುಗಿಯುವುದರೊಳಗೆ ಮಾಳಲಾದೇವಿ ತೀರಿಕೊಂಡಳು. ಆರು ದಿನ ಕಳೆದು ಸಂಕವ್ವ ಹೆತ್ತಳು. ಹೆಣ್ಣುಕೂಸು, ಅಳುವಷ್ಟೂ ತ್ರಾಣವಿಲ್ಲದ್ದು.

ತಿಪ್ಪೆಯಿಲ್ಲದ ಊರಲ್ಲಿ ತಿಪ್ಪ ಕೂಸನ್ನು ಎತ್ತಿಕೊಂಡು ಹಿತ್ತಲಿಗೆ ಹೋದ. ಚಾಪೆಯಗಲದ ಆ ಕಪ್ಪು ಮಣ್ಣಿನ ಮೇಲೆ, ಕಿತ್ತ ಸೊಪ್ಪಿನ ಮೋಟುಗಳ ನಡುವೆ, ಅದನ್ನು ಮಲಗಿಸಿದ. ನಾಡಿಗೆಲ್ಲ ಉಳಿದ ಸಾರವುಳ್ಳ ಮಣ್ಣು ಅಷ್ಟೇ.

“ಎತ್ಕೊಳ್ಳೋ, ನೆಲ ತಣ್ಣಗಿರುತ್ತೆ” ಎಂದಳು ಸಂಕವ್ವ ಬಾಗಿಲಿಂದ.

“ಇನ್ನೊಂಚೂರು ಇರಲಿ ಅಕ್ಕ” ಎಂದ ತಿಪ್ಪ.