ಅರ್ಧ ಹೆಣೆದ ಶಾಲು ಮತ್ತು ಹಳೆಯ ಕುಲಾವಿ

ಚೊಚ್ಚಲ ಮಗುವಿಗೆಂದು ಆರಂಭವಾಗಿ ಅರ್ಧಕ್ಕೇ ನಿಂತಿದ್ದ ಉಣ್ಣೆಯ ಶಾಲೊಂದು, ನಾಲ್ಕು ಮಕ್ಕಳು ತೊಟ್ಟು ಹಳತಾದ ಕುಲಾವಿಯನ್ನು ಬುಟ್ಟಿಯಲ್ಲಿ ಕಂಡು ಹೀಗಳೆಯಿತು: "ತಂಗಿ, ನಿನ್ನಲ್ಲಿ ಎಷ್ಟು ಕಡೆ ಹೆಣಿಗೆ ತಪ್ಪಿದೆ!"

"ಹೌದಕ್ಕಾ. ಮಗು ಅತ್ತಾಗಲೆಲ್ಲ ಅಮ್ಮ ನನ್ನನ್ನು ಕೆಳಗಿಟ್ಟು ಓಡುತ್ತಿದ್ದಳು. ಆದರೂ ಎರಡೇ ದಿನದಲ್ಲಿ ಮುಗಿಸಿದಳು."

"ನನ್ನಲ್ಲಿ ಒಂದು ತಪ್ಪೂ ಇಲ್ಲ."

"ನಿನ್ನನ್ನು ಹೊದ್ದ ಮಗುವೂ ಇಲ್ಲವಲ್ಲ."

ಅಷ್ಟರಲ್ಲಿ ಪಕ್ಕದ ಮನೆಯಲ್ಲಿ ಹೆಣ್ಣುಮಗು ಹುಟ್ಟಿದ ಸುದ್ದಿ ಬಂತು. ಉಡುಗೊರೆಗೆ ಕುಲಾವಿ ಹೆಣೆಯಲು ಬೇರೆ ಉಣ್ಣೆ ಇರಲಿಲ್ಲ. ಅಮ್ಮ ಕಿರಿಯವನನ್ನು ಮಡಿಲಲ್ಲಿ ಕೂರಿಸಿಕೊಂಡು ಶಾಲನ್ನು ಬಿಚ್ಚತೊಡಗಿದಳು.

ಸಾಲುಸಾಲಾಗಿ ಕಳಚಿಕೊಳ್ಳುತ್ತ ಶಾಲು ಮೆಲ್ಲನೆ ಕೇಳಿತು: "ತಂಗಿ, ಮಗುವಿನ ತಲೆ ಹೇಗಿರುತ್ತದೆ?"

"ಬೆಚ್ಚಗಿರುತ್ತದೆ, ಅಕ್ಕಾ. ಹಾಲಿನ ವಾಸನೆ ಬರುತ್ತದೆ. ನೆತ್ತಿ ಮಿಡಿಯುತ್ತಿರುತ್ತದೆ, ಅದಕ್ಕೆ ಹೆದರಬೇಡ."